ಬಚ್ಚಲ ಮನೆಯ ಕಲ್ಲಿದ್ದಲು

2025ರ ಜುಲೈ ತಿಂಗಳಲ್ಲಿ ಒಂದು ಬೆಳಿಗ್ಗೆ ನನ್ನ ಮಿತ್ರರೊಬ್ಬರು, ಮಗಳಿಗೆ ರ್‍ಯಾಂಕು ಬಂದ ತಂದೆಯ ಗತ್ತಿನಲ್ಲಿ, ಪತ್ರಿಕೆಯನ್ನು ಸುರುಳಿ ಸುತ್ತಿ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ದೇಶದ ವಿದ್ಯುತ್ ಸ್ಥಾವರಗಳ ಒಟ್ಟು ಸಾಮರ್ಥ್ಯದಲ್ಲಿ ಅರ್ಧ ಪಾಲು ಈಗ ಕಲ್ಲಿದ್ದಲು, ಎಣ್ಣೆ, ಅನಿಲಗಳ ಹಂಗಿಲ್ಲದ್ದು. 2030ಕ್ಕೆ ಮುಟ್ಟಬೇಕಾಗಿದ್ದ ಗುರಿಯನ್ನು ಐದು ವರ್ಷ ಮೊದಲೇ ಮುಟ್ಟಿಬಿಟ್ಟಿದ್ದೇವೆ ಎಂಬುದು ಸುದ್ದಿ. "ಇನ್ನೇನು ಸ್ವಾಮಿ, ಅರ್ಧ ಯುದ್ಧ ಗೆದ್ದ ಹಾಗಾಯಿತು" ಎಂದರು. ನಾನು ಕಾಫಿ ಕೊಟ್ಟು, "ಈ ದಿನ ಸ್ನಾನ ಮಾಡಿದಿರಾ?" ಎಂದು ಕೇಳಿದೆ. ಅವರಿಗೆ ಸ್ವಲ್ಪ ಕೋಪ ಬಂತು. ಬರುವುದು ಸಹಜವೇ. ಆದರೆ ನನ್ನ ಪ್ರಶ್ನೆಯಲ್ಲಿ ಕುಚೋದ್ಯವೇನೂ ಇರಲಿಲ್ಲ. ಅವರು ಸಮಾಧಾನದಿಂದ ಕೇಳಿದ್ದರೆ ಅಂದು ಹೇಳಬೇಕೆಂದಿದ್ದುದನ್ನು ಇಂದು ವಾಚಕರ ಮುಂದಿಡುತ್ತಿದ್ದೇನೆ.

ಮೊದಲು ಆ ಅರ್ಧದ ಲೆಕ್ಕ. ಸಾಮರ್ಥ್ಯ ಬೇರೆ, ದುಡಿಮೆ ಬೇರೆ. ಮನೆಯಲ್ಲಿ ಹತ್ತು ಜನ ಇದ್ದಾರೆಂದ ಮಾತ್ರಕ್ಕೆ ಹತ್ತು ಜನರೂ ದುಡಿದು ತರುತ್ತಾರೆಂದಲ್ಲವಷ್ಟೆ? ಸೂರ್ಯನು ಹಗಲಿನ ನೌಕರ. ಗಾಳಿಯು ಮಳೆಗಾಲದಲ್ಲಿ ಬೀಸಿದಂತೆ ಡಿಸೆಂಬರಿನಲ್ಲಿ ಬೀಸದು. 2024ರಲ್ಲಿಯೂ ನಮ್ಮ ದೇಶದಲ್ಲಿ ಹುಟ್ಟಿದ ಪ್ರತಿ ಹತ್ತು ಯೂನಿಟ್ಟು ವಿದ್ಯುತ್ತಿನಲ್ಲಿ ಏಳಕ್ಕೂ ಮೇಲ್ಪಟ್ಟು ಕಲ್ಲಿದ್ದಲಿನಿಂದಲೇ ಹುಟ್ಟಿತು. ಇದು ಮಿತ್ರರ ಪತ್ರಿಕೆಯ ಒಳಪುಟದಲ್ಲಿ ಎಲ್ಲಿಯೋ ಇದ್ದಿರಬೇಕು. ಆದರೆ ನನ್ನ ಮುಖ್ಯ ತಕರಾರು ಇದಲ್ಲ. ಈ ಕೊರತೆ ತಿಳಿದವರ ಕಣ್ಣಿಗೆ ಬಿದ್ದಿದೆ. ಬ್ಯಾಟರಿ, ಮೇಲಿನ ಕೆರೆಗೆ ನೀರನ್ನೆತ್ತಿ ಇಳಿಸುವ ಯೋಜನೆ ಎಂದು ಏನೇನೋ ನಡೆಯುತ್ತಿವೆ. ನನ್ನ ತಕರಾರು ಯಾರ ಕಣ್ಣಿಗೂ ಬೀಳದಿರುವ ಇನ್ನೊಂದು ವಸ್ತುವಿನ ವಿಚಾರವಾಗಿ. ಅದು ಬೆಳಕಲ್ಲ, ಬಿಸಿ.

ಒಂದು ಬಕೆಟ್ಟು ನೀರನ್ನು ತೆಗೆದುಕೊಳ್ಳಿ. ಇಪ್ಪತ್ತು ಲೀಟರು ಎನ್ನೋಣ. ಬೆಂಗಳೂರಿನ ತೊಟ್ಟಿಯ ನೀರು ಇಪ್ಪತ್ತೆರಡು ಡಿಗ್ರಿ ಇದ್ದರೆ, ಮೈಮೇಲೆ ಹಿತವಾಗಿ ಸುರಿದುಕೊಳ್ಳಲು ನಲವತ್ತೆರಡು ಡಿಗ್ರಿ ಆಗಬೇಕು. ಈ ಇಪ್ಪತ್ತು ಡಿಗ್ರಿಯ ಏರಿಕೆಗೆ ಗೀಸರು ನುಂಗುವುದು ಸರಿಸುಮಾರು ಅರ್ಧ ಯೂನಿಟ್ಟು. ಆ ಅರ್ಧ ಯೂನಿಟ್ಟು ಕಲ್ಲಿದ್ದಲಿನದಾದರೆ ಅದಕ್ಕಾಗಿ ಎಲ್ಲಿಯೋ ಒಂದು ಕಡೆ ಕಾಲು ಕಿಲೋಗಿಂತಲೂ ಹೆಚ್ಚು ಕಲ್ಲಿದ್ದಲು ಉರಿಯಬೇಕು. ಸುಮಾರು ಅರ್ಧ ಕಿಲೋದಷ್ಟು ಇಂಗಾಲಾಮ್ಲ ಆಕಾಶಕ್ಕೆ ಸೇರಬೇಕು. ನಾಲ್ಕು ಜನರ ಸಂಸಾರ, ಒಂದೊಂದೇ ಬಕೆಟ್ಟು ಎಂದರೂ, ದಿನವೂ ಒಂದು ಸೇರಿನ ಪಾತ್ರೆ ತುಂಬ ಕಲ್ಲಿದ್ದಲನ್ನು ಬಚ್ಚಲಿಗೆ ಸುರಿದ ಹಾಗೆ. ಈಗಿನ ಕಾಲದಲ್ಲಿ ಒಂದು ಬಕೆಟ್ಟಿನಲ್ಲಿ ಯಾರು ಸ್ನಾನ ಮುಗಿಸುತ್ತಾರೆ? ಮೇಲಿನಿಂದ ಮಳೆಯಂತೆ ಸುರಿಯಬೇಕು, ಹಾಡೊಂದು ಮುಗಿಯುವವರೆಗೆ ಸುರಿಯಬೇಕು.

ಇದರಲ್ಲಿರುವ ಅವಿವೇಕವನ್ನು ಇನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ರಾಯಚೂರಿನ ಶಕ್ತಿನಗರದಲ್ಲಿ, ಕೃಷ್ಣೆಯ ದಡದಲ್ಲಿ, 1985ರಿಂದ ಕಲ್ಲಿದ್ದಲು ಉರಿಯುತ್ತಿದೆ. ಅಲ್ಲಿ ಮೊದಲು ಹುಟ್ಟುವುದು ಬಿಸಿಯೇ. ಆ ಬಿಸಿಯಿಂದ ಹಬೆ, ಹಬೆಯಿಂದ ಚಕ್ರ, ಚಕ್ರದಿಂದ ವಿದ್ಯುತ್ತು. ಈ ಮೂರು ಹೆಜ್ಜೆಯಲ್ಲಿ ಮೂರರಲ್ಲಿ ಎರಡು ಪಾಲು ಕಾವು ಚಿಮಣಿಯಿಂದಲೂ ತಣಿಸುವ ಗೋಪುರಗಳಿಂದಲೂ ಸೋರಿ ಹೋಗುತ್ತದೆ. ರಾಯಚೂರಿನ ಬೇಸಿಗೆಗೆ ಇನ್ನಷ್ಟು ಕಾವಿನ ಅಗತ್ಯವೇನೂ ಇಲ್ಲವೆಂಬುದು ಅಲ್ಲಿ ಒಂದು ಮೇ ತಿಂಗಳು ಕಳೆದವರಿಗೆ ಗೊತ್ತು. ಉಳಿದ ಒಂದು ಪಾಲು ತಂತಿಯನ್ನು ಹಿಡಿದು ನಾನ್ನೂರು ಕಿಲೋಮೀಟರು ಬಂದು, ದಾರಿಯಲ್ಲಿ ಇನ್ನಷ್ಟು ಸೋರಿ, ನಮ್ಮ ಬಚ್ಚಲಿನ ಗೋಡೆಯ ಮೇಲಿನ ಬಿಳಿಯ ಡಬ್ಬಿಯೊಳಗೆ ಹೊಕ್ಕು ಮತ್ತೆ ಏನಾಗುತ್ತದೆ? ಬಿಸಿಯಾಗುತ್ತದೆ! ಬಿಸಿಯನ್ನು ವಿದ್ಯುತ್ತು ಮಾಡಿ, ವಿದ್ಯುತ್ತನ್ನು ಬಿಸಿ ಮಾಡಿ, ನಡುವೆ ಮುಕ್ಕಾಲು ಪಾಲಿನ ಸಮೀಪಕ್ಕೆ ಚೆಲ್ಲಿ, ಕೊನೆಗೆ ಪಡೆಯುವುದು ನಲವತ್ತೆರಡು ಡಿಗ್ರಿ. ನಮ್ಮ ವಿದ್ಯುತ್ತೆಲ್ಲ ರಾಯಚೂರಿನದಲ್ಲ, ಶರಾವತಿಯುಂಟು, ಕೈಗಾ ಉಂಟು, ಪಾವಗಡದಲ್ಲಿ 13,000 ಎಕರೆಯಲ್ಲಿ ಹರಡಿದ 2,050 ಮೆಗಾವಾಟಿನ ಸೌರ ಕ್ಷೇತ್ರವೇ ಉಂಟು ಎನ್ನುವಿರಾ? ನಿಜ. ಆದರೆ ಊರೆಲ್ಲ ಗೀಸರಿನ ಸ್ವಿಚ್ಚು ಒತ್ತುವುದು ಯಾವಾಗ? ಡಿಸೆಂಬರಿನ ಬೆಳಿಗ್ಗೆ ಆರು ಗಂಟೆಗೆ. ಆಗ ಪಾವಗಡದಲ್ಲಿ ಸೂರ್ಯ ಇನ್ನೂ ಹುಟ್ಟಿರುವುದಿಲ್ಲ.

ಇಷ್ಟಕ್ಕೆಲ್ಲ ಒಂದು ಬಚ್ಚಲನ್ನು ಹಿಡಿದು ಜಗ್ಗುವುದೇ ಎಂದು ಯಾರಾದರೂ ನಕ್ಕಾರು. ನಗುವ ಮೊದಲು ಒಂದು ಅಂಕಿಯನ್ನು ಕೇಳಬೇಕು. ಪ್ರಪಂಚದ ಜನರು ಕೊನೆಗೆ ಬಳಸುವ ಶಕ್ತಿಯಲ್ಲಿ ಅರ್ಧದಷ್ಟು ಬಳಕೆಯಾಗುವುದು ಬಿಸಿಯ ರೂಪದಲ್ಲಿ. ಮನೆ ಬೆಚ್ಚಗಿಡಲು, ನೀರು ಕಾಯಿಸಲು, ಅಡುಗೆಗೆ, ಕಾರ್ಖಾನೆಯ ಕುಲುಮೆಗೆ. ಶಕ್ತಿಯ ಬಳಕೆಯಿಂದ ಏಳುವ ಇಂಗಾಲಾಮ್ಲದಲ್ಲಿ ಸುಮಾರು ನೂರಕ್ಕೆ ನಲವತ್ತು ಪಾಲು ಇದರದು. ಆದರೂ ಸಭೆಗಳಲ್ಲಿ ಭಾಷಣವೆಲ್ಲ ವಿದ್ಯುತ್ತಿನ ಮೇಲೆ. ಸೌರಫಲಕದ ಪಕ್ಕ ನಿಂತು ಭಾವಚಿತ್ರ ತೆಗೆಸಿಕೊಳ್ಳದ ಮಂತ್ರಿಯಿಲ್ಲ. ಬಚ್ಚಲೊಲೆಯ ಪಕ್ಕ ನಿಂತು ತೆಗೆಸಿಕೊಂಡವರನ್ನು ನಾನಂತೂ ಕಂಡಿಲ್ಲ.

ಕಾರಣವೂ ಉಂಟು. ನಮ್ಮಲ್ಲಿ ವಿದ್ಯುತ್ತು ಬಂದದ್ದೇ ವೈಭವದ ಬಾಗಿಲಿನಿಂದ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪವಾಯಿತು. ಬಿಸಿಯದು ಹಿತ್ತಿಲ ಬಾಗಿಲು. ಅದು ಹೆಂಗಸರ ಪಾಲಿನ ಕೆಲಸ, ಹೊಗೆಯ ಕೆಲಸ. ನಮ್ಮ ತಾಯಿ ಬೆಳಿಗ್ಗೆ ನಾಲ್ಕಕ್ಕೆ ಎದ್ದು ತಾಮ್ರದ ಹಂಡೆಯ ಕೆಳಗೆ ಹಸಿ ಸೌದೆಯನ್ನು ಊದುತ್ತಿದ್ದಳು. ನಾವು ಏಳುವ ಹೊತ್ತಿಗೆ ನೀರು ಸಿದ್ಧ. ಅವಳ ಕಣ್ಣು ಕೆಂಪು. ಈಗ ಹಂಡೆಯ ಸ್ನಾನದ ಸುಖವನ್ನು ನೆನೆದು ಹೊಗಳಿ ಬರೆಯುವವರ ಸಂಖ್ಯೆ ಬಹಳವಾಗಿದೆ. ಅಭ್ಯಂಜನ, ಸೀಗೆಪುಡಿ, ಬೂದಿಯೊಳಗೆ ಸುಟ್ಟ ಗೆಣಸು. ಬರೆಯಲಿ. ಆದರೆ ಹೀಗೆ ಬರೆಯುವವರಲ್ಲಿ ಆ ಒಲೆಯನ್ನು ಊದಿದವರು ಒಬ್ಬರೂ ಇಲ್ಲವೆಂದು ನನ್ನ ಗುಮಾನಿ. ನಮ್ಮ ತಾಯಿಯ ಕೆಮ್ಮು ಅವಳು ಇರುವವರೆಗೂ ಹೋಗಲಿಲ್ಲ. ಗೀಸರು ಬಂದಾಗ ಅವಳು ಅದಕ್ಕೆ ಕುಂಕುಮವಿಟ್ಟಳು. ಆದ್ದರಿಂದ ಹಿಂದಕ್ಕೆ ಹೋಗೋಣವೆಂದು ನಾನು ಹೇಳುತ್ತಿಲ್ಲ. ಹೊಗೆಯನ್ನು ನಮ್ಮ ಬಚ್ಚಲಿನಿಂದ ಎತ್ತಿ ಶಕ್ತಿನಗರದವರ ಅಂಗಳಕ್ಕೆ ಸಾಗಿಸಿದ್ದೇವೆ. ಅಷ್ಟನ್ನೇ ಪ್ರಗತಿ ಎಂದು ಕರೆಯುವುದು ಬೇಡ ಎನ್ನುತ್ತೇನೆ. ಅಲ್ಲಿ ಹಾರುವ ಬೂದಿ ಒಣಗಹಾಕಿದ ಬಟ್ಟೆಯ ಮೇಲೆ ಕೂರುತ್ತದೆ. ಆ ಬಟ್ಟೆ ಒಗೆಯುವವಳೂ ಯಾರದೋ ತಾಯಿ.

ನಮಗೆ ಬಿಸಿಯೆಂದರೆ ಬಚ್ಚಲಷ್ಟೆ. ಚಳಿಯ ದೇಶಗಳಲ್ಲಿ ಮನೆಗೆ ಮನೆಯೇ ಬಿಸಿಯಾಗಬೇಕು; ಆದ್ದರಿಂದ ಈ ಪ್ರಶ್ನೆ ಅವರನ್ನು ಮೊದಲು ಹಿಡಿಯಿತು. ಅವರೆಲ್ಲರೂ ಅದಕ್ಕೆ ಸರಿಯಾಗಿ ಉತ್ತರ ಕೊಟ್ಟಿದ್ದಾರೆಂದು ತಿಳಿಯಬೇಡಿ. ಬ್ರಿಟನ್ನನ್ನೇ ನೋಡಿ. 1882ರಲ್ಲಿ ಲಂಡನ್ನಿನ ಹೋಬರ್ನ್ ವಯಡಕ್ಟಿನಲ್ಲಿ ಕಲ್ಲಿದ್ದಲಿನಿಂದ ಸಾರ್ವಜನಿಕರಿಗೆ ವಿದ್ಯುತ್ತು ಕೊಡಲು ತೊಡಗಿದ ದೇಶ, 2024ರ ಸೆಪ್ಟೆಂಬರ್ 30ರಂದು ರ‍್ಯಾಟ್‌ಕ್ಲಿಫ್ ಕೇಂದ್ರವನ್ನು ಮುಚ್ಚಿ ತನ್ನ ಕೊನೆಯ ಕಲ್ಲಿದ್ದಲ ವಿದ್ಯುತ್ತಿಗೆ ಮಂಗಳ ಹಾಡಿತು. 142 ವರ್ಷಗಳ ಕಥೆ. ಗೌರವದ ಮಾತೇ ಸರಿ. ಆದರೆ ಅದೇ ರಾತ್ರಿ ಅಲ್ಲಿನ ನಾಲ್ಕರಲ್ಲಿ ಮೂರು ಮನೆಗಳಿಗೂ ಕಡಿಮೆಯಿಲ್ಲದಂತೆ ಅನಿಲದ ಒಲೆ ಉರಿಯುತ್ತಲೇ ಇತ್ತು. ದೀಪಕ್ಕೆ ಮಡಿ, ಬಿಸಿಗೆ ಮೈಲಿಗೆ! ಇನ್ನೂ ಒಂದು ಚಮತ್ಕಾರವುಂಟು: ಯಾರ್ಕ್‌ಷೈರಿನ ಒಂದು ದೊಡ್ಡ ಕೇಂದ್ರ ಕಲ್ಲಿದ್ದಲನ್ನು ಬಿಟ್ಟು ಅಮೆರಿಕ ಕೆನಡಗಳಿಂದ ಹಡಗಿನಲ್ಲಿ ಬಂದ ಮರದ ಗುಳಿಗೆಗಳನ್ನು ಉರಿಸುತ್ತದೆ. ಆ ಚಿಮಣಿಯ ಇಂಗಾಲಾಮ್ಲವನ್ನು ಲೆಕ್ಕದ ಪುಸ್ತಕದಲ್ಲಿ ಸೊನ್ನೆಯೆಂದು ಬರೆಯುತ್ತಾರೆ. ಕಡಿದ ಮರ ಮತ್ತೆ ಬೆಳೆಯುತ್ತದೆಯಂತೆ. ಬೆಳೆಯುತ್ತದೆ, ಸಂದೇಹವಿಲ್ಲ, ಮೊಮ್ಮಕ್ಕಳ ಕಾಲಕ್ಕೆ.

ಡೆನ್ಮಾರ್ಕಿನವರ ರೀತಿ ಬೇರೆ. 1973ರಲ್ಲಿ ಅರಬ್ ದೇಶಗಳು ಎಣ್ಣೆಯನ್ನು ಬಿಗಿಹಿಡಿದಾಗ ಆ ಪುಟ್ಟ ದೇಶ ತನಗೆ ಬೇಕಾದ ಶಕ್ತಿಗೆಲ್ಲ ಬಹುಮಟ್ಟಿಗೆ ಹೊರಗಿನ ಎಣ್ಣೆಯನ್ನೇ ನಂಬಿಕೊಂಡಿತ್ತು. ಅವರು ಆಗ ಗಮನಿಸಿದ್ದು, ನಾನು ರಾಯಚೂರಿನ ವಿಚಾರದಲ್ಲಿ ಹೇಳಿದೆನಲ್ಲ, ಆ ಸೋರಿ ಹೋಗುವ ಎರಡು ಪಾಲನ್ನು. ವಿದ್ಯುತ್ ಕೇಂದ್ರದ ಬಿಸಿನೀರನ್ನು ಸಮುದ್ರಕ್ಕೆ ಚೆಲ್ಲುವ ಬದಲು ಕೊಳವೆಗಳಲ್ಲಿ ಊರಿನ ಮನೆಗಳಿಗೆ ಹರಿಸಿದರು. 1979ರಲ್ಲಿ ಅದಕ್ಕೊಂದು ಕಾಯಿದೆ ತಂದರು. ಈಗ ಅಲ್ಲಿನ ಮೂರರಲ್ಲಿ ಎರಡು ಮನೆಗಳು ಬೆಚ್ಚಗಿರುವುದು ಈ ಕೊಳವೆಗಳಿಂದ. ಇನ್ನೂ ಮುಂದಕ್ಕೆ ಹೋಗಿ 1988ರಲ್ಲಿ, ಕೊಳವೆಯ ಶಾಖ ಸಿಗುವ ಕಡೆಯ ಹೊಸ ಕಟ್ಟಡಗಳಲ್ಲಿ ವಿದ್ಯುತ್ತಿನಿಂದ ನೇರವಾಗಿ ಮನೆ ಕಾಯಿಸುವುದನ್ನೇ ನಿಷೇಧಿಸಿದರು. ನಾನು ಬಚ್ಚಲಿನಲ್ಲಿ ಕಂಡ ಅವಿವೇಕವನ್ನು ಅವರು ಪಾರ್ಲಿಮೆಂಟಿನಲ್ಲಿ ಕಂಡರು, ವ್ಯತ್ಯಾಸ ಇಷ್ಟೆ.

ಆ ಕೇಂದ್ರಗಳೂ ಕಲ್ಲಿದ್ದಲನ್ನೇ ಉರಿಸುತ್ತಿದ್ದವಷ್ಟೆ, ಅವನ್ನು ಮುಚ್ಚಿದರೆ ಕೊಳವೆಗೆ ಬಿಸಿ ಎಲ್ಲಿಂದ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರ ನಿಮ್ಮ ಅಡುಗೆಮನೆಯಲ್ಲಿಯೇ ಇದೆ. ಫ್ರಿಜ್ಜಿನ ಹಿಂಬದಿಗೆ ಕೈಯಿಟ್ಟು ನೋಡಿ, ಬೆಚ್ಚಗಿರುತ್ತದೆ. ಒಳಗಿನ ಹಾಲು ತರಕಾರಿಗಳಿಂದ ಕಿತ್ತ ಕಾವನ್ನು ಅದು ಹೊರಗೆ ತಳ್ಳುತ್ತಿದೆ. ಈ ಯಂತ್ರ ಬಿಸಿಯನ್ನು ಹುಟ್ಟಿಸುವುದಿಲ್ಲ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರುತ್ತದೆ. ಹೊರುವ ಕೂಲಿ ಒಂದು ಯೂನಿಟ್ಟಾದರೆ ಹೊತ್ತ ಮೂಟೆ ಸುಮಾರು ಮೂರು ಯೂನಿಟ್ಟಿನಷ್ಟು. ಇದೇ ಉಷ್ಣದ ಪಂಪು. ಕೆಲ್ವಿನ್ ಸಾಹೇಬರು 1852ರಲ್ಲಿಯೇ ಇದನ್ನು ಕಾಗದದ ಮೇಲೆ ಹೇಳಿದ್ದರು; ಜ್ಯೂರಿಕ್ ನಗರದವರು 1938ರ ಹೊತ್ತಿಗೆ ಪಕ್ಕದ ನದಿಯ ತಣ್ಣನೆಯ ನೀರಿನಿಂದ ಕಾವನ್ನು ಹಿಂಡಿ ತಮ್ಮ ಪುರಭವನವನ್ನು ಬೆಚ್ಚಗೆ ಮಾಡಿಕೊಂಡಿದ್ದರು. ಡೆನ್ಮಾರ್ಕಿನ ಎಸ್ಬ್ಯಾರ್ಗ್ ಎಂಬ ಬಂದರಿನಲ್ಲಿ 2024ರಲ್ಲಿ ಕಲ್ಲಿದ್ದಲ ಕೇಂದ್ರವನ್ನು ಮುಚ್ಚಿ, ಸಮುದ್ರದ ನೀರಿನಿಂದ ಬಿಸಿಯನ್ನೆತ್ತುವ 70 ಮೆಗಾವಾಟಿನ ಇಂಥದೇ ಪಂಪನ್ನು ಕೂರಿಸಿದರು. ಇಪ್ಪತ್ತೈದು ಸಾವಿರ ಮನೆಗಳಿಗೆ ಸಾಕಾಗುವಷ್ಟು ಕಾವು. ಹೆಲ್ಸಿಂಕಿಯಲ್ಲಿ ಒಂದು ಉದ್ಯಾನದ ಕೆಳಗಿನ ಗುಹೆಯಲ್ಲಿ ಕೂತ ಪಂಪು, ಶುದ್ಧಮಾಡಿದ ಚರಂಡಿ ನೀರಿನಲ್ಲಿ ಉಳಿದ ಬಿಸಿಯನ್ನು ಹೀರಿ ಊರಿಗೆ ಹಿಂದಿರುಗಿಸುತ್ತದೆ. ಸ್ನಾನ ಮಾಡಿ ಬಿಟ್ಟ ನೀರಿನ ಕಾವು ಮರುದಿನ ಮನೆಗೆ! ನಮ್ಮ ಅಜ್ಜಿ ಕೇಳಿದ್ದರೆ ಮೂಗು ಮುರಿಯುತ್ತಿದ್ದಳು, ಆದರೆ ಮಿತವ್ಯಯವನ್ನು ಮನಸ್ಸಿನಲ್ಲಿಯೇ ಮೆಚ್ಚಿಕೊಳ್ಳುತ್ತಿದ್ದಳು.

ಇದೆಲ್ಲ ಸುಲಭವಾಗಿ ನಡೆಯುತ್ತದೆಂದು ನಾನು ಹೇಳಿದರೆ ಸುಳ್ಳಾದೀತು. ಜರ್ಮನಿಯಲ್ಲಿ 2023ರಲ್ಲಿ ಹೊಸ ಒಲೆಗಳ ಕಾಯಿದೆ ಬಂದಾಗ ಸರ್ಕಾರದ ಮಿತ್ರಪಕ್ಷಗಳೇ ತಿಂಗಳುಗಟ್ಟಲೆ ಕಚ್ಚಾಡಿದವು. ಚಳಿಗಾಲದಲ್ಲಿ ಒಲೆ ಬದಲಿಸು ಎಂದು ಬಡವನಿಗೆ ಹೇಳಿ, ಹಣ ಎಲ್ಲಿಂದ ಎಂಬುದನ್ನು ಹೇಳದೆ ಹೋದರೆ ಅವನು ಸಿಟ್ಟಾಗದೆ ಏನು ಮಾಡಿಯಾನು? ಚೀನಾದ ಪಾಠ ಇದಕ್ಕಿಂತ ಕಠಿಣವಾದದ್ದು. ಹ್ವಾಯ್ ನದಿಯ ಉತ್ತರದ ಊರುಗಳಿಗೆ ಅಲ್ಲಿನ ಸರ್ಕಾರ ಬಹಳ ಕಾಲ ಚಳಿಗಾಲದ ಶಾಖಕ್ಕೆಂದು ಕಲ್ಲಿದ್ದಲನ್ನು ಧರ್ಮಕ್ಕೆ ಎಂಬಂತೆ ಕೊಟ್ಟಿತು. ಆ ಹೊಗೆಯಿಂದ ಉತ್ತರದವರ ಆಯುಷ್ಯ ದಕ್ಷಿಣದವರಿಗಿಂತ ಐದೂವರೆ ವರ್ಷ ಕಡಿಮೆಯಾಗಿದೆಯೆಂದು 2013ರ ಅಧ್ಯಯನವೊಂದು ಹೇಳಿತು. 2017ರ ಇನ್ನೊಂದು ಮೂರು ವರ್ಷವೆಂದಿತು. ಕಡಿಮೆಯದನ್ನೇ ಹಿಡಿದರೂ ಎಂಥ ಧರ್ಮ! ಆಮೇಲೆ ತಿದ್ದಿಕೊಳ್ಳುವ ಅವಸರದಲ್ಲಿ 2017ರ ಚಳಿಗಾಲಕ್ಕೆ ಹಳ್ಳಿಗಳ ಕಲ್ಲಿದ್ದಲ ಒಲೆಗಳನ್ನು ಕಿತ್ತುಹಾಕಿದರು. ಅನಿಲ ಎಷ್ಟೋ ಕಡೆ ಬಂದಿರಲೇ ಇಲ್ಲ. ಜನ ನಡುಗಿದರು. ಡಿಸೆಂಬರಿನಲ್ಲಿ ಮತ್ತೆ ಕಲ್ಲಿದ್ದಲು ಉರಿಸಿಕೊಳ್ಳಿ ಎಂದು ಅಪ್ಪಣೆಯಾಯಿತು.

ನಮಗೆ ಈ ಕಷ್ಟಗಳಲ್ಲಿ ಒಂದೂ ಇಲ್ಲ. ಮನೆ ಕಾಯಿಸಬೇಕಾಗಿಲ್ಲ. ಕೊಳವೆ ಹೂಳಬೇಕಾಗಿಲ್ಲ. ಕುಲುಮೆಗಳ ಮಾತು ಬೇರೆ. ಸಿಮೆಂಟಿಗೆ ಬೇಕಾದ ಸಾವಿರದ ನಾನ್ನೂರು ಡಿಗ್ರಿಯನ್ನು ಬಿಸಿಲಿನ ಪೆಟ್ಟಿಗೆಯಿಂದ ತೆಗೆಯಲಾರೆವು, ಅದನ್ನು ತಿಳಿದವರಿಗೆ ಬಿಡುತ್ತೇನೆ. ನಮ್ಮ ಬಚ್ಚಲಿಗೆ ಬೇಕಾದದ್ದು ನಲವತ್ತೆರಡು ಡಿಗ್ರಿ. ಅದು ವರ್ಷದಲ್ಲಿ ಹೆಚ್ಚಿನ ದಿನ ನಮ್ಮ ತಾರಸಿಯ ಮೇಲೆ ಪುಕ್ಕಟೆಯಾಗಿ ಬಿದ್ದಿರುತ್ತದೆ. ಕಪ್ಪು ಬಳಿದ ತಗಡು, ಒಂದು ಗಾಜು, ಒಂದು ತೊಟ್ಟಿ. ಇದರಲ್ಲಿ ಬೆಂಗಳೂರು ದೇಶಕ್ಕೇ ಮೇಲ್ಪಂಕ್ತಿ ಹಾಕಿದ ಊರು. 2007ರಲ್ಲಿ ಸರ್ಕಾರ ಹೊಸ ಮನೆಗಳಿಗೆ ಸೌರ ನೀರೊಲೆಯನ್ನು ಕಡ್ಡಾಯ ಮಾಡಿತು; ವಿದ್ಯುತ್ ಕಂಪೆನಿ ಯೂನಿಟ್ಟಿಗೆ 50 ಪೈಸೆ ರಿಯಾಯಿತಿ ಕೊಟ್ಟಿತು. ವಿಮಾನದಿಂದ ಇಳಿಯುವಾಗ ಕೆಳಗೆ ನೋಡಿದರೆ ತಾರಸಿ ತಾರಸಿಯ ಮೇಲೂ ಒರಗಿಕೊಂಡ ಗಾಜು ಮಿನುಗುತ್ತಿತ್ತು. ಇಸ್ರೇಲಿನವರು 1980ರಲ್ಲಿಯೇ ಇಂಥ ಕಾಯಿದೆ ಮಾಡಿ ಬಹುತೇಕ ಎಲ್ಲ ಮನೆಗಳಿಗೂ ಬಿಸಿಲಿನ ನೀರು ಮುಟ್ಟಿಸಿದರು. ಅವರು ಹಿಡಿದ ಹಟವನ್ನು ಬಿಡಲಿಲ್ಲ. ನಾವು ಬಿಟ್ಟೆವು.

ಹೇಗೆ ಬಿಟ್ಟೆವೆಂಬುದನ್ನು ನನ್ನ ಮನೆಯ ಕಥೆಯಿಂದಲೇ ಹೇಳುತ್ತೇನೆ. ನಮ್ಮ ಹಳೆಯ ಮನೆಯ ತಾರಸಿಯ ಮೇಲೆ ಹದಿನೆಂಟು ವರ್ಷ ದುಡಿದ ನೀರೊಲೆಯೊಂದಿತ್ತು. ಮಳೆಗಾಲದ ಕೆಲವು ದಿನ ಬಿಟ್ಟರೆ ಅದು ಎಂದೂ ಕೈಕೊಟ್ಟಿರಲಿಲ್ಲ. ಮನೆಯನ್ನು ಕೆಡವಿ ಫ್ಲಾಟು ಕಟ್ಟುವವರಿಗೆ ಕೊಟ್ಟೆವು. ಅದೂ ನನ್ನ ತಪ್ಪೇ, ಇನ್ನೊಬ್ಬರನ್ನು ದೂರಲಾರೆ. ಐದು ಮಹಡಿ, ಇಪ್ಪತ್ತು ಮನೆ, ಮನೆಗೆ ಮೂರು ಬಚ್ಚಲು, ಬಚ್ಚಲಿಗೊಂದು ಗೀಸರು. ಒಟ್ಟು ಅರವತ್ತು. ನಕ್ಷೆಯಲ್ಲಿ ಸೌರ ನೀರೊಲೆ ಇತ್ತು. ಕಟ್ಟಡದಲ್ಲಿಯೂ ಇದೆ, ಎರಡು ಪೆಟ್ಟಿಗೆ, ಮೇಲಿನ ಮಹಡಿಯವರಿಗೆ ಮಾತ್ರ. ಪರಿಶೀಲನೆಗೆ ಬಂದವರಿಗೆ ಅಷ್ಟೇ ಸಾಕಾಯಿತು. ಮನೆಗೆ ನೂರು ಲೀಟರಿನಂತೆ ಲೆಕ್ಕ ಹಾಕಿದರೆ ಬೇಕಾಗುವುದು ಒಟ್ಟು ನಲವತ್ತು ಚದರ ಮೀಟರು ಗಾಜು. ನಮ್ಮ ತಾರಸಿಯ ಹತ್ತನೆಯ ಒಂದು ಪಾಲು. ಆ ಜಾಗದಲ್ಲಿ ಈಗ ಹುಟ್ಟುಹಬ್ಬ ಆಚರಿಸುವುದಕ್ಕೆ ಒಂದು ಚಪ್ಪರವೂ ಪ್ಲಾಸ್ಟಿಕ್ಕಿನ ಹುಲ್ಲೂ ಇವೆ. ಬಿಸಿಲು ಆ ಹುಲ್ಲನ್ನು ಚೆನ್ನಾಗಿ ಕಾಯಿಸುತ್ತದೆ. ಮಧ್ಯಾಹ್ನ ಬರಿಗಾಲಿನಲ್ಲಿ ನಿಲ್ಲಲಾಗದು.

ಮಿತ್ರರು ಅಂದು ಹೊರಡುವ ಮುನ್ನ ಕೊನೆಯ ಬಾಣವನ್ನು ಬಿಟ್ಟರು. "ಅಮೆರಿಕದವನು ತಲೆಗೆ ಹದಿನಾಲ್ಕು ಟನ್ನು ಹೊಗೆ ಬಿಡುತ್ತಾನೆ, ನಾವು ಎರಡು. ಮೊದಲು ಅವನು ತನ್ನ ಮನೆಯನ್ನು ಸರಿಮಾಡಿಕೊಳ್ಳಲಿ." ಮಾತು ನಿಜ, ಲೆಕ್ಕವೂ ನಿಜ. ಅವನ ಹೊಣೆ ನಮ್ಮದಕ್ಕಿಂತ ಎಷ್ಟೋ ಹೆಚ್ಚೆಂದು ನಾನೂ ಒಪ್ಪುತ್ತೇನೆ. ಅಂತರರಾಷ್ಟ್ರೀಯ ಸಭೆಗಳಲ್ಲಿ ನಮ್ಮವರು ಮೇಜು ಗುದ್ದಿ ಹೇಳಲಿ. ಆದರೆ ಆ ಎರಡು ಟನ್ನು ಸರಾಸರಿಯ ಮಾತು. ಸೌದೆ ಹೊತ್ತು ತರುವ ಹಳ್ಳಿಯ ಹೆಂಗಸಿನದೂ ಮೂರು ಗೀಸರಿನ ನನ್ನದೂ ಸೇರಿ ಎರಡು. ಅವಳ ಬಡತನವನ್ನು ಗುರಾಣಿಯಾಗಿ ಹಿಡಿದು ಅದರ ಹಿಂದೆ ನಾನು ಬಿಸಿನೀರು ಸುರಿದುಕೊಳ್ಳುವುದು ಯಾವ ನ್ಯಾಯ? ಅಲ್ಲದೆ ಶಕ್ತಿನಗರದ ಬೂದಿ ವಾಷಿಂಗ್ಟನ್ನಿನಲ್ಲಿ ಬೀಳುವುದಿಲ್ಲ.

ಒಬ್ಬೊಬ್ಬರ ಸದ್ಬುದ್ಧಿಯಿಂದ ಇದು ಸರಿಹೋಗುತ್ತದೆಂದು ನಾನು ನಂಬುವುದಿಲ್ಲ. ಡೆನ್ಮಾರ್ಕಿನವರು ಸಂತರಾಗಿದ್ದರಿಂದ ಕೊಳವೆ ಹೂಳಲಿಲ್ಲ; ಕಾಯಿದೆಯಿತ್ತು. ನಮ್ಮಲ್ಲಿಯೂ ಹೇಳಿ ಮಾಡಿಸಬೇಕಾದದ್ದು ಇಷ್ಟೆ: ತಾರಸಿಯಿರುವ ಯಾವ ಹೊಸ ಕಟ್ಟಡಕ್ಕೂ ನೀರು ಕಾಯಿಸುವ ಬರಿಯ ಗೀಸರಿಗೆ ವಿದ್ಯುತ್ ಸಂಪರ್ಕ ಕೊಡಕೂಡದು. ಬಿಸಿಲಿಗೆ ಜಾಗ ಸಾಲದಷ್ಟು ಎತ್ತರದ ಕಟ್ಟಡವಾದರೆ ಉಷ್ಣದ ಪಂಪು ಕೂರಿಸಲಿ. ಕಲ್ಲಿದ್ದಲಿನ ವಿದ್ಯುತ್ತಿನಿಂದ ನಡೆದರೂ ಅದು ಗೀಸರಿನ ಮೂರನೆಯ ಒಂದು ಪಾಲನ್ನಷ್ಟೇ ತಿನ್ನುತ್ತದೆ. ಒಂದು ಕೋಟಿ ರೂಪಾಯಿಯ ಫ್ಲಾಟು ಕೊಳ್ಳುವವನಿಗೆ ಇದರ ಬೆಲೆ ಅವನ ಅಡುಗೆಮನೆಯ ಕಪಾಟಿನ ಬಾಗಿಲಿನ ಬೆಲೆಗಿಂತ ಹೆಚ್ಚಲ್ಲ. ಇಷ್ಟನ್ನೂ ಮಾಡದೆ, ಪಾವಗಡದ ಫಲಕಗಳನ್ನು ಎಣಿಸಿ ಸಿಹಿ ಹಂಚುವವರೊಡನೆ ನನಗೆ ಜಗಳವಿದೆ.

ನಮ್ಮ ಕಟ್ಟಡದ ಸಂಘಕ್ಕೆ ನಾನು ಒಂದು ಅರ್ಜಿ ಕೊಟ್ಟು ನಾಲ್ಕು ತಿಂಗಳಾಯಿತು. ಚಪ್ಪರವನ್ನು ಒಂದು ಮೂಲೆಗೆ ಸರಿಸಿ ಇಪ್ಪತ್ತು ಪೆಟ್ಟಿಗೆಗಳಿಗೆ ಜಾಗ ಮಾಡಿಕೊಡಬೇಕೆಂದು. ಕಾರ್ಯದರ್ಶಿಗಳು ಸಜ್ಜನರು, ಮುಂದಿನ ಭಾನುವಾರದ ಸಭೆಗೆ ವಿಷಯವನ್ನು ಹಾಕಿದ್ದಾರೆ. ವಿಷಯಪಟ್ಟಿಯಲ್ಲಿ ಅದು ಹದಿನೊಂದನೆಯದು. ಹತ್ತನೆಯದು ಪ್ಲಾಸ್ಟಿಕ್ ಹುಲ್ಲನ್ನು ಬದಲಾಯಿಸುವುದು.